ಕಾನೂನು ಕಟ್ಟೆ: ಒಪ್ಪಿಕೊಂಡ ಮೇಲೂ ತನಿಖೆ ಯಾಕೆ?

ಪ್ರಶ್ನೆ: ನಮ್ಮ ಬೀದಿಯ ಹೆಂಗಸೊಬ್ಬರ ಕೊಲೆಯಾಗಿದೆ. ಗಂಡನನ್ನು ಹಿಡಿದಿದ್ದಾರೆ, ಒಪ್ಪಿಕೊಂಡನಂತೆ. ಮತ್ತೆ ತನಿಖೆ ಯಾಕೆ? ಮಹಜರಿಗೆ ಸಹಿ ಹಾಕಲು ನಮ್ಮ ಯಜಮಾನರನ್ನು ಕರೆದಿದ್ದಾರೆ. ಹೋಗಬಹುದಾ?
– ಗೃಹಿಣಿ, ತಿಪಟೂರು

ಉತ್ತರ: ಪೊಲೀಸರ ಮುಂದೆ ಒಪ್ಪಿಕೊಂಡದ್ದಕ್ಕೆ ಕೋರ್ಟಿನಲ್ಲಿ ಮೂರು ಕಾಸಿನ ಬೆಲೆಯಿಲ್ಲ ತಾಯಿ. ಆ ಮಾತಿನಿಂದ ಏನಾದರೂ ಪತ್ತೆಯಾದರೆ ಅಷ್ಟು ಭಾಗ ಮಾತ್ರ ನಡೆಯುತ್ತದೆ. ಹಳೇ ಸಾಕ್ಷ್ಯ ಕಾಯ್ದೆಯ 27ನೇ ಕಲಂ ಇದು. 2024ರ ಜುಲೈನಿಂದ ಹೊಸ ಕಾಯ್ದೆಯಾದ ಭಾರತೀಯ ಸಾಕ್ಷ್ಯ ಅಧಿನಿಯಮದ 23ನೇ ಕಲಂನಲ್ಲಿದೆ. ಆರೋಪಿ ಹೇಳಿದ್ದು ಅಂತ ಪೊಲೀಸರು ಬರೆದುಕೊಳ್ಳುವುದಕ್ಕೆ ಸ್ವಇಚ್ಛಾ ಹೇಳಿಕೆ ಅನ್ನುತ್ತಾರೆ. ನಾನು ಓದಿದ ಅಂಥ ಹೇಳಿಕೆಗಳೆಲ್ಲ ಹೆಚ್ಚುಕಡಿಮೆ ಒಂದೇ ಸಾಲಿನಲ್ಲಿ ಮುಗಿಯುತ್ತವೆ: "ನನ್ನ ಜೊತೆ ಬಂದರೆ ಜಾಗ ತೋರಿಸುತ್ತೇನೆ." ಸುಮ್ನೆ ನಕ್ಕುಬಿಡಬೇಡಿ, ಕೇಸಿನ ಜೀವ ಆ ಸಾಲಿನಲ್ಲೇ ಇರುತ್ತದೆ.

ಬೆಂಗಳೂರಿನ ರಿಚ್‌ಮಂಡ್ ರಸ್ತೆಯ ಕೇಸು ನೆನಪಿದೆಯಾ? ದಿವಾನ್ ಮಿರ್ಜಾ ಇಸ್ಮಾಯಿಲ್ ಅವರ ಮೊಮ್ಮಗಳು ಶಾಕೆರೆ 1991ರಲ್ಲಿ ಕಾಣೆಯಾದರು. ಮಗಳು ಕೇಳಿದಾಗಲೆಲ್ಲ ಎರಡನೇ ಗಂಡ ಶ್ರದ್ಧಾನಂದ ಒಂದೊಂದು ಕತೆ ಹೇಳುತ್ತಿದ್ದ. ಅತ್ತ ಶಾಕೆರೆ ಕೊಟ್ಟಿದ್ದ ಪವರ್ ಆಫ್ ಅಟಾರ್ನಿ ಹಿಡಿದು ಆಸ್ತಿ ಮಾರುತ್ತಿದ್ದ. 1992ರಲ್ಲಿ ಮಗಳು ದೂರು ಕೊಟ್ಟರು. ಆಮೇಲೂ ಸುಮಾರು ಎರಡು ವರ್ಷ ಏನೂ ಸಿಗಲಿಲ್ಲ. 1994ರ ಮಾರ್ಚ್‌ನಲ್ಲಿ ಅವನೇ ಮನೆಯ ಹಿತ್ತಲಿನಲ್ಲಿ ಜಾಗ ತೋರಿಸಿದ. ಅಗೆದರೆ ಮರದ ಪೆಟ್ಟಿಗೆ, ಒಳಗೆ ಅಸ್ಥಿಪಂಜರ. ಅಗೆಯುವುದನ್ನೆಲ್ಲ ವಿಡಿಯೊ ಮಾಡಿದ್ದರು. ಒಡವೆಗಳನ್ನು ತಾಯಿ ಗುರುತಿಸಿದರು. ಡಿಎನ್‌ಎ ಪರೀಕ್ಷೆಯೂ ಆಯಿತು. "ಕೊಂದೆ" ಎಂಬ ಮಾತು ಬೇಕಾಗಲೇ ಇಲ್ಲ. ಪೆಟ್ಟಿಗೆ ಅಲ್ಲಿದೆ ಅಂತ ಅವನಿಗೆ ಹೇಗೆ ಗೊತ್ತು? ಆ ಪ್ರಶ್ನೆಗೆ ಅವನಲ್ಲಿ ಉತ್ತರವಿರಲಿಲ್ಲ. 2008ರಲ್ಲಿ ಸುಪ್ರೀಂ ಕೋರ್ಟ್ ಗಲ್ಲು ತಪ್ಪಿಸಿ, ಸಾಯುವವರೆಗೂ ಬಿಡುಗಡೆಯಿಲ್ಲದ ಜೀವಾವಧಿ ಕೊಟ್ಟಿತು.

ಹೀಗೆ ಜಾಗದಲ್ಲಿ ಕಂಡದ್ದು, ಸಿಕ್ಕಿದ್ದನ್ನು ಸಾಕ್ಷಿಗಳ ಮುಂದೆ ಬರೆದಿಡುವ ಕಾಗದವೇ ಮಹಜರು. ಯಜಮಾನರು ಧಾರಾಳವಾಗಿ ಹೋಗಲಿ. ಆದರೆ ಸ್ಟೇಷನ್ನಿನ ಬೆಂಚಿನ ಮೇಲೆ ಕೂತು ಸಹಿ ಹಾಕುವುದು ಬೇಡ. ಜಾಗಕ್ಕೆ ಹೋಗಿ, ಕಣ್ಣಾರೆ ನೋಡಿ, ಓದಿ, ಆಮೇಲೆ ಹಾಕಲಿ. ನಾನು ಆರೋಪಿಗಳ ಪರ ವಕೀಲ. ನೋಡದೆ ಸಹಿ ಹಾಕಿದ ಎಷ್ಟೋ ಪಂಚರಿಗೆ (ಮಹಜರಿನ ಸಾಕ್ಷಿಗಳಿಗೆ) ಪಾಟೀಸವಾಲಿನಲ್ಲಿ ಬೆವರಿಳಿಸಿದ್ದೇನೆ. ಗುಂಡಿ ಎಷ್ಟು ಆಳ ಇತ್ತು, ಗುದ್ದಲಿ ಯಾರ ಕೈಲಿತ್ತು ಅಂತ ಕೇಳಿದರೆ ಸಾಕು, ಮುಖ ಮುಖ ನೋಡುತ್ತಾರೆ. ರಿಚ್‌ಮಂಡ್ ರಸ್ತೆಯ ಕೇಸಿನಲ್ಲಿ ಅಗೆದದ್ದು 1994ರಲ್ಲಿ, ಕೆಳ ಕೋರ್ಟಿನ ತೀರ್ಪು ಬಂದದ್ದು 2005ರಲ್ಲಿ! ಅಷ್ಟು ವರ್ಷ ಯಾರಿಗೆ ನೆನಪಿರುತ್ತದೆ? ಅದಕ್ಕೇ, ಸಹಿ ಹಾಕಿದ ದಿನ ರಾತ್ರಿಯೇ ಕಂಡದ್ದನ್ನೆಲ್ಲ ಒಂದು ಡೈರಿಯಲ್ಲಿ ಬರೆದಿಡಲು ಹೇಳಿ.