ಅಕ್ಕನ ವರದಿ, ತಂಗಿಯ ಪ್ರಶ್ನೆ

ಪ್ರಶ್ನೆ: ಸ್ತನ ಕ್ಯಾನ್ಸರ್ ಆದ ಅಕ್ಕನಿಗೆ ಬಿಆರ್‌ಸಿಎ1 ಜೀನ್ ದೋಷವಿದೆಯಂತೆ. ನನಗೆ 27. ಗಂಡು ನೋಡುತ್ತಿದ್ದಾರೆ, ಪರೀಕ್ಷೆ ಬೇಡ ಅನ್ನುತ್ತಾರೆ ಅಮ್ಮ. ಏನು ಮಾಡಲಿ?

ಉತ್ತರ: ಮೊದಲು ಜೆನೆಟಿಕ್ ಕೌನ್ಸೆಲರ್ (ವಂಶವಾಹಿ ದೋಷಗಳ ಬಗ್ಗೆ ಸಲಹೆ ಕೊಡುವವರು) ಬಳಿ ಹೋಗಿ, ಅಕ್ಕನ ವರದಿಯ ಪ್ರತಿ ಜೊತೆಗಿರಲಿ. ಅಕ್ಕನಲ್ಲಿ ಸಿಕ್ಕ ಅದೇ ದೋಷವನ್ನಷ್ಟೇ ನಿಮ್ಮ ರಕ್ತದಲ್ಲಿ ಹುಡುಕಿದರೆ ಸಾಕು; ಖರ್ಚೂ ಕಡಿಮೆ, ಉತ್ತರವೂ ಸ್ಪಷ್ಟ. ಅದು ನಿಮಗೂ ಬಂದಿರುವ ಸಾಧ್ಯತೆ 50%. ಆದರೆ ವರದಿಯಲ್ಲಿ ‘ಅರ್ಥ ಅನಿಶ್ಚಿತ’ (ಜೀನ್‌ನ ಆ ಬದಲಾವಣೆ ಹಾನಿಕರವೋ ಅಲ್ಲವೋ ತಿಳಿದಿಲ್ಲ) ಎಂದಿದ್ದರೆ ಮನೆಮಂದಿಗೆಲ್ಲ ಆ ಪರೀಕ್ಷೆ ಮಾಡಿಸಿ ಪ್ರಯೋಜನವಿಲ್ಲ.

ದೋಷ ಇದ್ದರೆ ಅದು ಕಾಯಿಲೆಯಲ್ಲ, ಸ್ತನ ಮತ್ತು ಅಂಡಾಶಯದ ಕ್ಯಾನ್ಸರ್ ಬರುವ ಹೆಚ್ಚಿನ ಅಪಾಯ. ಈ ವಯಸ್ಸಿಗೆ ವರ್ಷಕ್ಕೊಮ್ಮೆ ಸ್ತನದ ಎಂಆರ್‌ಐ, 30ರ ನಂತರ ಮ್ಯಾಮೊಗ್ರಾಮ್ (ಸ್ತನದ ಎಕ್ಸ್‌ರೇ) ಕೂಡ. ಅಂಡಾಶಯ ತೆಗೆಸುವ ಮಾತು ಮಕ್ಕಳಾದ ಮೇಲೆ, 35–40ರಲ್ಲಿ.

ಅಮ್ಮನ ಭಯ ಅರ್ಥವಾಗುತ್ತದೆ. ಆದರೆ ಯಾವಾಗ ಪರೀಕ್ಷಿಸಬೇಕು, ಯಾರಿಗೆ ಹೇಳಬೇಕು ಎಂಬುದು ನಿಮ್ಮದೇ ನಿರ್ಧಾರ. ಅಣ್ಣತಮ್ಮಂದಿರಿದ್ದರೆ ಅವರಿಗೂ ತಿಳಿಸಿ. ಗಂಡಸರಿಂದಲೂ ಇದು ಮಗಳಿಗೆ ದಾಟುತ್ತದೆ.