ಹಳೆ ಪಿಕಪ್ ಟ್ರಕ್ ಕೊಳ್ಳುವ ಮೊದಲು ರೀಕಾಲ್ (ದೋಷ ಸರಿಪಡಿಸಲು ಕಂಪನಿ ಗಾಡಿಯನ್ನು ವಾಪಸ್ ಕರೆಯುವುದು) ಬಾಕಿ ಇದೆಯಾ ಅಂತ ತಿಳಿಯುವುದು ಹೇಗೆ?

ಅಮೆರಿಕದಲ್ಲಾದರೆ ಗಾಡಿಯ 17 ಅಕ್ಷರ-ಅಂಕಿಗಳ ವಿಐಎನ್ (ಗಾಡಿಯ ಗುರುತಿನ) ಸಂಖ್ಯೆಯನ್ನು ಅಲ್ಲಿನ ಸರ್ಕಾರಿ ರಸ್ತೆ ಸುರಕ್ಷತಾ ಸಂಸ್ಥೆಯಾದ ಎನ್‌ಎಚ್‌ಟಿಎಸ್‌ಎ ವೆಬ್‌ಸೈಟಿನಲ್ಲಿ ಹಾಕಿ. ರಿಪೇರಿ ಆಗದ ರೀಕಾಲ್ ಇದ್ದರೆ ಅಲ್ಲೇ ಕಾಣುತ್ತದೆ. ಮಾಲೀಕರು ಬದಲಾಗಿದ್ದರೂ ಡೀಲರ್ ಸಾಮಾನ್ಯವಾಗಿ ಉಚಿತವಾಗಿಯೇ ಸರಿಮಾಡಿಕೊಡುತ್ತಾರೆ. ಟಕಾಟಾ ಕಂಪನಿಯ ಏರ್‌ಬ್ಯಾಗ್ ರೀಕಾಲ್ ಬಾಕಿ ಇದ್ದರೆ ಮಾತ್ರ ದಯವಿಟ್ಟು ಟೆಸ್ಟ್ ಡ್ರೈವ್ ಕೂಡ ಬೇಡ. ಅದನ್ನು ಉಬ್ಬಿಸುವ ಭಾಗವಾದ ಇನ್‌ಫ್ಲೇಟರ್ ಒಡೆದರೆ ಲೋಹದ ಚೂರುಗಳು ಮುಖ, ಕುತ್ತಿಗೆಗೆ ಸಿಡಿಯುತ್ತವೆ. ಇದೇ ಕಾರಣಕ್ಕೆ 2006ರ ಕೆಲವು ಫೋರ್ಡ್ ರೇಂಜರ್‌ಗಳನ್ನು ಓಡಿಸಲೇಬೇಡಿ ಎಂದು 2018ರಲ್ಲಿ ಕಂಪನಿಯೇ ಹೇಳಿತ್ತು.

ಅದೇ ವೆಬ್‌ಸೈಟಿನಲ್ಲಿ ಕಾಣುವ ಮಾಲೀಕರ ದೂರುಗಳ ಮಾತು ಬೇರೆ. ಅವುಗಳನ್ನು ಯಾರೂ ಮೊದಲೇ ಪರೀಕ್ಷಿಸಿರುವುದಿಲ್ಲ. ಆದರೂ ಒಂದೇ ಭಾಗದ ಬಗ್ಗೆ ಮತ್ತೆ ಮತ್ತೆ ದೂರು ಬಂದಿದ್ದರೆ ಸುಮ್ನೆ ಬಿಡಬೇಡಿ, ಮೆಕ್ಯಾನಿಕ್‌ಗೆ ಅದನ್ನೇ ತೋರಿಸಿ. ಹಳೆ ಟೊಯೋಟಾ ಟಕೋಮಾ ಆದರೆ ಫ್ರೇಮಿಗೆ ತುಕ್ಕು ಹಿಡಿದಿದೆಯಾ ಅಂತ ಬಗ್ಗಿ ನೋಡಲೇಬೇಕು. ಚಳಿಗಾಲದಲ್ಲಿ ಉಪ್ಪು ಸುರಿಯುವ ರಸ್ತೆಗಳಲ್ಲಿ ಓಡಿದ ಗಾಡಿಗೆ ಈ ಕಾಟ ಜಾಸ್ತಿ.