ಬಾರದವರ ಪಾಲು

ಓದುಗರ ಪತ್ರ: ಕಳೆದ ಸಂಚಿಕೆಯಲ್ಲಿ ಸಣ್ಣ ಊರಿನ ಪಾಸ್ಟರೊಬ್ಬರ ಚಿಂತನೆಗಳನ್ನು ಓದಿದೆ. ಪಕ್ಕದ ಬೆಂಚಿನಲ್ಲಿ ಕೂತವನೇ ನಂಬಿಕೆಯ ಮೊದಲ ಪರೀಕ್ಷೆ ಎಂಬ ಮಾತು ಚೆನ್ನಾಗಿದೆ. ಆದರೆ ನಮ್ಮ ಸಭೆಯಲ್ಲಿ ಇರುವುದೇ ಅರವತ್ತು ಕುಟುಂಬ. ಎರಡು ಮನೆಯವರು ಮಾತು ಬಿಟ್ಟು ವರ್ಷವಾಯಿತು, ಅದರಲ್ಲಿ ಒಂದು ಮನೆಯವರು ಆರಾಧನೆಗೇ ಬರುತ್ತಿಲ್ಲ. ಸಹಾಯ ನಿಧಿಯಿಂದ ಯಾರಿಗೆ ಕೊಟ್ಟರೂ ಗೊಣಗಾಟ. ಪಾಸ್ಟರ್ ದಣಿದುಹೋಗಿದ್ದಾರೆ. ಬಾರದವರ ಹೆಸರನ್ನು ಸದಸ್ಯರ ಪುಸ್ತಕದಿಂದ ತೆಗೆದುಬಿಡೋಣ ಎಂಬ ಮಾತೂ ಸಮಿತಿಯಲ್ಲಿ ಬಂದಿದೆ. ಅನ್ಯೋನ್ಯತೆ ಎಂದು ಬರೆಯುವುದು ಸುಲಭ, ನಡೆಸುವುದು ಹೇಗೆ? – ಸಭೆಯ ಹಿರಿಯರೊಬ್ಬರು

ಸಂಪಾದಕರ ಉತ್ತರ:

ಮಾನ್ಯರೇ,

ನೀವು ನಾಲ್ಕು ದೂರುಗಳನ್ನು ಬೇರೆಬೇರೆಯಾಗಿ ಬರೆದಿದ್ದೀರಿ. ಓದುತ್ತ ಹೋದಂತೆ ನಮಗೆ ಅವು ಒಂದೇ ದೂರಿನ ನಾಲ್ಕು ಮುಖಗಳಾಗಿ ಕಂಡವು. ಭಾನುವಾರ ಬೆಂಚಿನ ಮೇಲೆ ಕಾಣದವರನ್ನು ವಿಚಾರಿಸುವುದು ನಿಮ್ಮಲ್ಲಿ ಯಾರ ಕೆಲಸವೂ ಆಗಿಲ್ಲ. ಅದಕ್ಕೇ ಎಲ್ಲವೂ ಪಾಸ್ಟರ್ ತಲೆಗೆ ಬಂದಿದೆ.

ಕ್ರಿ.ಶ. 155ರ ಸುಮಾರಿಗೆ ರೋಮಿನಲ್ಲಿದ್ದ ಕ್ರೈಸ್ತ ಲೇಖಕ ಜಸ್ಟಿನ್, ಚಕ್ರವರ್ತಿಯನ್ನು ಉದ್ದೇಶಿಸಿ ಬರೆದ ಸಮರ್ಥನೆಯಲ್ಲಿ ಕ್ರೈಸ್ತರ ಭಾನುವಾರದ ಕೂಟ ಹೇಗೆ ನಡೆಯುತ್ತದೆಂದು ವಿವರಿಸಿದ್ದಾನೆ. ಮೊದಲು ಗ್ರಂಥ ಓದುತ್ತಾರೆ, ಸಭೆ ನಡೆಸುವವನು ಬುದ್ಧಿ ಹೇಳುತ್ತಾನೆ, ಎಲ್ಲರೂ ಎದ್ದು ನಿಂತು ಪ್ರಾರ್ಥಿಸುತ್ತಾರೆ, ರೊಟ್ಟಿ ಮತ್ತು ದ್ರಾಕ್ಷಾರಸ ಹಂಚುತ್ತಾರೆ. ಆಮೇಲೆ ಬಾರದವರ ಪಾಲನ್ನು ಸಭಾಸೇವಕರು ಅವರಿದ್ದಲ್ಲಿಗೆ ಒಯ್ಯುತ್ತಾರೆ. ಅದಾದ ಮೇಲೆ ಕಾಣಿಕೆಯ ಮಾತು ಬರುತ್ತದೆ: ಉಳ್ಳವರು ಇಷ್ಟಪಟ್ಟಷ್ಟು ಕೊಡುತ್ತಾರೆ, ಅದರಿಂದ ಅನಾಥರು, ವಿಧವೆಯರು, ಕಾಯಿಲೆ ಬಿದ್ದವರು, ಸೆರೆಯಲ್ಲಿರುವವರು, ಪರಸ್ಥಳದಿಂದ ಬಂದವರು ಇವರ ಅಗತ್ಯ ನೋಡಿಕೊಳ್ಳುತ್ತಾರೆ. ಯಾರು ಬಂದಿಲ್ಲವೆಂದು ಗೊತ್ತಿಲ್ಲದ ಸಭೆ ಪಾಲು ಒಯ್ಯುವುದಾದರೂ ಯಾರ ಮನೆಗೆ?

ಹಾಗಾಗಿ ಪುಸ್ತಕದಿಂದಲೇ ಶುರು ಮಾಡೋಣ. ಹಾಜರಿ ಹಾಕುವುದು ಬೇಡ. ಶಾಲೆಯ ಹಾಗೆ ಹೆಸರು ಕೂಗಿದರೆ ಬರುವವರೂ ನಿಂತುಬಿಡುತ್ತಾರೆ. ಆರಾಧನೆ ಮುಗಿದ ಹತ್ತು ನಿಮಿಷದಲ್ಲಿ, ಬಾಗಿಲ ಬಳಿ ನಿಲ್ಲುವ ಇಬ್ಬರು ಒಂದು ಸಣ್ಣ ನೋಟ್‌ಬುಕ್ಕಿನಲ್ಲಿ ಅಂದು ಕಾಣದಿದ್ದವರ ಹೆಸರಷ್ಟೇ ಬರೆದಿಡಲಿ. ಮನೆಗೆ ಹೋದ ಮೇಲೆ ಬರೆಯುತ್ತೇವೆಂದರೆ ಅರ್ಧ ಮರೆತಿರುತ್ತದೆ, ಮರೆತುಹೋಗುವುದು ಯಾವಾಗಲೂ ಮೂಲೆಯ ಬೆಂಚಿನ ಮೌನಿಗಳದೇ ಹೆಸರು. ಒಂದು ವಾರ ಕಾಣದಿದ್ದರೆ ಏನೂ ಮಾಡಬೇಡಿ. ಊರಿಗೆ ಹೋಗಿರಬಹುದು, ನೆಂಟರು ಬಂದಿರಬಹುದು. ಸತತ ಎರಡನೆಯ ಭಾನುವಾರವೂ ಕಾಣದಿದ್ದರೆ ಆ ವಾರದೊಳಗೆ ಪಾಸ್ಟರ್ ಅಲ್ಲದ ಒಬ್ಬರು ಹೋಗಿ ಬರಲಿ, ಇಲ್ಲವೇ ಫೋನ್ ಮಾಡಲಿ. ನಾಲ್ಕನೆಯ ವಾರಕ್ಕೆ ಪಾಸ್ಟರ್ ಹೋಗಲಿ. ತಡವಾದಷ್ಟೂ ಕೆಲಸ ಕಷ್ಟ. ಎರಡು ತಿಂಗಳು ತಪ್ಪಿಸಿಕೊಂಡವನಿಗೆ ಬಾರದಿರುವುದು ಅಭ್ಯಾಸವಾಗಿರುತ್ತದೆ, ಒಳಗೆ ಕಾಲಿಟ್ಟರೆ ಎಲ್ಲರೂ ತಿರುಗಿ ನೋಡುತ್ತಾರೆಂಬ ನಾಚಿಕೆಯೂ ಸೇರಿರುತ್ತದೆ. ಸಣ್ಣ ಊರಿನಲ್ಲಿ ಆ ನಾಚಿಕೆ ಸುಮ್ಮನೆ ಹುಟ್ಟಿದ್ದಲ್ಲ, ನಿಜಕ್ಕೂ ಎಲ್ಲರೂ ತಿರುಗಿ ನೋಡುತ್ತಾರೆ.

ಹೋದವರು ‘ಯಾಕೆ ಬರಲಿಲ್ಲ?’ ಎಂದು ಕೇಳಬಾರದು. ಹಾಗೆ ಕೇಳಿದರೆ ಸುಳ್ಳು ಹೇಳಿಸಿದಂತೆ. ‘ಹೇಗಿದ್ದೀರಿ?’ ಎಂದು ಕೇಳಿ ಬಾಯಿ ಮುಚ್ಚಿಕೊಂಡು ಕೂತರೆ ಸಾಕು. ಮರಳಿ ಬಂದ ದಿನ ವೇದಿಕೆಯಿಂದ ಸ್ವಾಗತ ಹೇಳುವುದೂ ಬೇಡ. ಒಳ್ಳೆಯ ಮನಸ್ಸಿನಿಂದಲೇ ಮಾಡುವ ಈ ತಪ್ಪು, ಬಂದವರನ್ನು ಮತ್ತೆ ಓಡಿಸುತ್ತದೆ.

ಮನೆ ಭೇಟಿಯ ಲೆಕ್ಕ ಕಷ್ಟದ್ದಲ್ಲ. ವಾರಕ್ಕೆ ಎರಡು ಸಂಜೆ, ಸಂಜೆಗೆ ಎರಡು ಮನೆ ಎಂದರೆ ಅರವತ್ತು ಮನೆಗೆ ಹದಿನೈದು ವಾರ. ಕಾಯಿಲೆ, ಸಾವು, ಹಬ್ಬಗಳಿಗೆ ಬಿಡುವು ಬಿಟ್ಟರೂ ವರ್ಷಕ್ಕೆ ಎರಡು ಸುತ್ತು ಖಂಡಿತ. ಹದಿನೇಳನೆಯ ಶತಮಾನದಲ್ಲಿ ಇಂಗ್ಲೆಂಡಿನ ಕಿಡರ್‌ಮಿನ್‌ಸ್ಟರ್ ಊರಿನ ಪಾಲಕ ರಿಚರ್ಡ್ ಬ್ಯಾಕ್ಸ್‌ಟರ್, ಒಬ್ಬ ಸಹಾಯಕನ ಜೊತೆ ಸೋಮವಾರ ಮತ್ತು ಮಂಗಳವಾರಗಳನ್ನು ಒಂದೊಂದು ಕುಟುಂಬವನ್ನೂ ಕಂಡು ಮಾತಾಡಲೆಂದೇ ಮೀಸಲಿಟ್ಟಿದ್ದ. ವಾರಕ್ಕೆ ಹದಿನೈದು ಹದಿನಾರು ಕುಟುಂಬದಂತೆ 800ಕ್ಕೂ ಹೆಚ್ಚು ಕುಟುಂಬಗಳನ್ನು ವರ್ಷದಲ್ಲಿ ಮುಗಿಸುವುದು ಅವನ ಲೆಕ್ಕ. ನಿಮಗೆ ಅಷ್ಟು ಬೇಡ, ಆದರೆ ಅವನ ಹಾಗೆ ವಾರದ ದಿನಗಳನ್ನು ಗೊತ್ತುಮಾಡಿಕೊಳ್ಳಿ. ‘ಸಮಯ ಸಿಕ್ಕಾಗ’ ಎಂದು ಇಟ್ಟುಕೊಂಡರೆ ಕರೆಯುವವರ ಮನೆಗೇ ಮತ್ತೆ ಮತ್ತೆ ಹೋಗುವಂತಾಗುತ್ತದೆ. ಒಂದು ಭೇಟಿಗೆ ಅರ್ಧ ಗಂಟೆ ಸಾಕು, ಆಸ್ಪತ್ರೆಯಲ್ಲಾದರೆ ಹತ್ತು ನಿಮಿಷ. ಅಲ್ಲಿ ಹಾಸಿಗೆಯ ಮೇಲೆ ಕೂರಬೇಡಿ, ಕುರ್ಚಿ ಎಳೆದುಕೊಂಡು ಮುಖದ ಮಟ್ಟಕ್ಕೆ ಕೂತುಕೊಳ್ಳಿ. ಪ್ರಾರ್ಥಿಸಬಹುದೇ ಎಂದು ಮೊದಲು ಕೇಳಿ. ಓದುವುದಾದರೆ 23ನೆಯ ಕೀರ್ತನೆಯ ಆರು ವಚನ, ಇಲ್ಲವೇ 121ನೆಯದರ ಎಂಟು. ‘ಎಲ್ಲ ದೇವರ ಚಿತ್ತ’ ಎಂಬ ಮಾತನ್ನು ನೋವಿನಲ್ಲಿರುವವರು ತಾವಾಗಿ ಹೇಳಿಕೊಳ್ಳಬಹುದು, ನೋಡಲು ಹೋದವರು ಹೇಳಬಾರದು. ಸಾವಿನ ಮನೆಗೆ ಮೊದಲ ವಾರ ಜನವೋ ಜನ, ತಿಂಗಳಾಗುವ ಹೊತ್ತಿಗೆ ಬಾಗಿಲು ತಟ್ಟುವವರಿಲ್ಲ. ನಿಮ್ಮ ಭೇಟಿ ಬೇಕಾಗುವುದು ಆಗ. ಸತ್ತ ದಿನಾಂಕವನ್ನು ಪುಸ್ತಕದಲ್ಲಿ ಬರೆದಿಟ್ಟು ಮುಂದಿನ ವರ್ಷ ಅದೇ ದಿನ ಒಂದು ಫೋನ್ ಮಾಡಿ.

ಭೇಟಿಯಲ್ಲಿ ಕೇಳಿದ್ದು ಹೊರಗೆ ಸೋರುವ ತೂತು ಒಂದಿದೆ, ನಮ್ಮವರು ಅದನ್ನು ಒಪ್ಪುವುದಿಲ್ಲ: ಪ್ರಾರ್ಥನಾ ಕೂಟ. ‘ಆ ಮನೆಯ ಮಗಳಿಗಾಗಿ ಪ್ರಾರ್ಥಿಸೋಣ, ಏನೆಂದು ಹೇಳುವಂತಿಲ್ಲ’ ಎಂದರೆ ಸಾಕು, ಸಂಜೆಯೊಳಗೆ ಊರಿಗೆಲ್ಲ ಗೊತ್ತು. ಚಾಡಿಗೆ ಆಮೆನ್ ಹೇಳಿಸಿದ ಮಾತ್ರಕ್ಕೆ ಅದು ಬಿನ್ನಹವಾಗುವುದಿಲ್ಲ. ಆದ್ದರಿಂದ ಸಂಬಂಧಪಟ್ಟವರ ಒಪ್ಪಿಗೆಯಿಲ್ಲದೆ ಹೆಸರು ಹೇಳಬಾರದು, ಒಪ್ಪಿದರೂ ಅವರು ಒಪ್ಪಿದಷ್ಟೇ ವಿವರ. ಹೆಸರಿಲ್ಲದೆ ಪ್ರಾರ್ಥಿಸಿದರೆ ದೇವರಿಗೆ ವಿಳಾಸ ತಿಳಿಯುವುದಿಲ್ಲವೇ? ಪಾಸ್ಟರ್ ಇಡುವ ಟಿಪ್ಪಣಿಯಲ್ಲೂ ದಿನಾಂಕ, ಮುಂದೆ ಮಾಡಬೇಕಾದ ಕೆಲಸ ಇಷ್ಟೇ ಇರಲಿ, ಕೇಳಿದ ಗುಟ್ಟು ಬೇಡ. ಬಾರದವರ ನೋಟ್‌ಬುಕ್ಕೂ ಬೀಗದಲ್ಲಿರಲಿ.

ಈಗ ಮಾತು ಬಿಟ್ಟ ಎರಡು ಮನೆಗಳು. ಮತ್ತಾಯ 18ರಲ್ಲಿ ಯೇಸು ಹೇಳಿದ ಕ್ರಮ ಎಲ್ಲರಿಗೂ ಬಾಯಿಪಾಠ: ಮೊದಲು ನೀನೂ ಅವನೂ ಇಬ್ಬರೇ, ಕೇಳದಿದ್ದರೆ ಒಬ್ಬರನ್ನೋ ಇಬ್ಬರನ್ನೋ ಕರೆದುಕೊಂಡು ಹೋಗು, ಆಮೇಲೆ ಸಭೆಗೆ ಹೇಳು. ನಡೆಯುವುದು ತಿರುಗುಮುರುಗಾಗಿ. ವಿಷಯ ಮೊದಲು ಸಭೆಗೆ ಗೊತ್ತಾಗುತ್ತದೆ, ಆಮೇಲೆ ಇಬ್ಬರು ಮೂವರಿಗೆ ಬಣ್ಣ ಕಟ್ಟಿ ಹೇಳಲಾಗುತ್ತದೆ, ಸಂಬಂಧಪಟ್ಟವನ ಕಿವಿಗೆ ಬೀಳುವುದು ಕೊನೆಗೆ. ಎರಡನೆಯ ಹೆಜ್ಜೆಯ ಸಾಕ್ಷಿಗಳನ್ನೂ ನಾವು ತಪ್ಪಾಗಿ ತಿಳಿದಿದ್ದೇವೆ. ಆ ಮಾತು ಧರ್ಮೋಪದೇಶಕಾಂಡ 19ರದು. ಒಬ್ಬನ ಮಾತಿನ ಮೇಲೆ ಯಾರನ್ನೂ ಅಪರಾಧಿ ಎನ್ನಬಾರದು ಎಂಬ ನ್ಯಾಯದ ನಿಯಮ ಅದು. ದೂರುವವನನ್ನೂ ಅಳೆಯಬಲ್ಲವರನ್ನು ಕರೆದೊಯ್ಯಬೇಕು. ಬಲಕ್ಕೆಂದು ಭಾವಮೈದುನನನ್ನು ಕರೆದುಕೊಂಡು ಹೋದರೆ ಅದು ಪಕ್ಷ ಕಟ್ಟಿದಂತೆ.

ಇಲ್ಲಿ ಪಾಸ್ಟರುಗಳು ಸಾಮಾನ್ಯವಾಗಿ ಮುಗ್ಗರಿಸುವುದು ಒಂದೇ ಕಡೆ. ಒಂದು ಮನೆಯಲ್ಲಿ ಗಂಟೆಗಟ್ಟಲೆ ಕೂತು ದೂರು ಕೇಳಿ, ಆ ಮಾತನ್ನು ಇನ್ನೊಂದು ಮನೆಗೆ ಮೆತ್ತಗೆ ಮಾಡಿ ಮುಟ್ಟಿಸುತ್ತಾರೆ. ಎರಡು ಸಲ ಓಡಾಡುವ ಹೊತ್ತಿಗೆ ಇಬ್ಬರಿಗೂ ಪಾಸ್ಟರ್ ಮೇಲೇ ಅನುಮಾನ. ದೂರು ತಂದವರಿಗೆ ಮೊದಲ ಪ್ರಶ್ನೆ: ‘ಇದನ್ನು ಅವರಿಗೇ ಹೇಳಿದ್ದೀರಾ?’ ಇಲ್ಲವೆಂದರೆ ಎರಡನೆಯದು: ‘ಯಾವತ್ತು ಹೇಳುತ್ತೀರಿ?’ ದಿನ ಗೊತ್ತುಮಾಡಿಕೊಳ್ಳದೆ ಬಿಡಬೇಡಿ. ವರ್ಷ ಹಳೆಯದಾದ ನಿಮ್ಮ ಜಗಳದಲ್ಲಿ ಇಬ್ಬರೇ ಕೂರಲು ಒಪ್ಪದಿದ್ದರೆ, ಎರಡೂ ಮನೆಯವರು ಒಪ್ಪುವ ಒಬ್ಬ ಹಿರಿಯರನ್ನು ಕೂರಿಸಿಕೊಳ್ಳಿ. ಎರಡೂ ಮನೆಗೆ ಸೇರದ ಜಾಗ, ಒಂದು ಗಂಟೆಯ ಮಿತಿ, ಒಬ್ಬರು ಮಾತಾಡುವಾಗ ಇನ್ನೊಬ್ಬರು ಸುಮ್ಮನೆ. ಮೊದಲ ಭೇಟಿಗೇ ರಾಜಿ ಆಗಬೇಕೆಂದು ಹಟ ಹಿಡಿಯಬೇಡಿ. ಎದುರುಬದುರು ಕೂತು ಎದ್ದರೆ ಅಂದಿಗೆ ಅಷ್ಟು ಸಾಕು.

ಜಗಳವಾದವರು ಕರ್ತನ ಭೋಜನ, ಅಂದರೆ ಆರಾಧನೆಯಲ್ಲಿ ಹಂಚುವ ರೊಟ್ಟಿ ದ್ರಾಕ್ಷಾರಸ, ತೆಗೆದುಕೊಳ್ಳಬಹುದೇ ಎಂಬ ಪ್ರಶ್ನೆಯೂ ಇದರ ಬೆನ್ನಿಗೇ ಏಳುತ್ತದೆ. ‘ದಿದಖೆ’ ಎಂಬ ಹಳೆಯ ಸಭಾ ಕೈಪಿಡಿ, ನೆರೆಯವನೊಡನೆ ಜಗಳವಿರುವವನು ರಾಜಿಯಾಗುವವರೆಗೆ ಕೂಟಕ್ಕೆ ಸೇರಬಾರದು ಎನ್ನುತ್ತದೆ. ಈ ಕಟ್ಟಳೆಯನ್ನು ಇನ್ನೊಬ್ಬರ ಮೇಲೆ ಬೀಸುವ ಮುಂಚೆ ಮತ್ತಾಯ 5:23 ನೋಡಿ. ಕಾಣಿಕೆಯನ್ನು ಯಜ್ಞವೇದಿಯ ಮುಂದೆ ಬಿಟ್ಟು ಹೋಗಬೇಕಾದವನು ಯಾರು? ತನ್ನ ಮೇಲೆ ಸಹೋದರನಿಗೆ ಏನೋ ಇದೆಯೆಂದು ನೆನಪಾದವನು. ತನಗೆ ಸಹೋದರನ ಮೇಲೆ ಇರುವ ಕೋಪದ ಮಾತು ಅಲ್ಲಿಲ್ಲ. ಹಾಗಾಗಿ ಎದ್ದು ಹೋಗುವ ಮೊದಲ ಸರದಿ, ಬಾರದ ಮನೆಯವರದಲ್ಲ, ತಪ್ಪದೆ ಬರುತ್ತಿರುವ ಮನೆಯವರದು. ಇದನ್ನು ಅವರಿಗೆ ಪ್ರಸಂಗದಲ್ಲಿ ಹೇಳಬೇಡಿ, ಮನೆಗೆ ಹೋಗಿ ಹೇಳಿ.

ಒಂದು ಎಚ್ಚರಿಕೆ. ಹೊಡೆತ ಬಡಿತ, ಹೆಣ್ಣುಮಕ್ಕಳ ಮೇಲೆ ಅಥವಾ ಮಕ್ಕಳ ಮೇಲೆ ಕೈ ಹಾಕಿದ ವಿಷಯವಾದರೆ ಈ ಕ್ರಮ ಬಳಸಲೇಬಾರದು. ನೊಂದವರನ್ನು ನೋಯಿಸಿದವನ ಎದುರು ಒಂಟಿಯಾಗಿ ಕಳಿಸುವುದಕ್ಕೆ ವಚನದ ಆಸರೆ ಹುಡುಕಬೇಡಿ. ಅದು ಪೊಲೀಸರಿಗೆ ಹೋಗಬೇಕಾದ ವಿಷಯ, ಸಮಿತಿಯಲ್ಲಿ ಮುಚ್ಚಿಹಾಕುವುದಲ್ಲ.

ಸಹಾಯ ನಿಧಿಯ ಗೊಣಗಾಟಕ್ಕೆ ಬರೋಣ. ಯೆರೂಸಲೇಮಿನ ಮೊದಲ ಕ್ರೈಸ್ತ ಸಭೆಯಲ್ಲೂ ಇದೇ ಗೊಣಗಾಟವಿತ್ತು: ದಿನದಿನದ ಹಂಚಿಕೆಯಲ್ಲಿ ಗ್ರೀಕ್ ಮಾತಾಡುವವರ ವಿಧವೆಯರನ್ನು ಕಡೆಗಣಿಸುತ್ತಾರೆ ಎಂದು. ಅಪೊಸ್ತಲರ ಕೃತ್ಯಗಳು 6ರಲ್ಲಿ ಹಂಚಿಕೆ ನೋಡಿಕೊಳ್ಳಲು ಆರಿಸಿದ ಏಳು ಜನರ ಹೆಸರು ನೋಡಿ – ಸ್ತೆಫನ, ಫಿಲಿಪ್ಪ, ಪ್ರೊಖೋರ, ನಿಕನೋರ, ತಿಮೋನ, ಪರ್ಮೇನ, ನಿಕೊಲಾಯ. ಏಳೂ ಗ್ರೀಕ್ ಹೆಸರು. ಗೊಣಗಿದ ಕಡೆಯವರ ಕೈಗೇ ಹಂಚಿಕೆ ಕೊಟ್ಟರೆಂದು ಕಾಣುತ್ತದೆ. ನಿಮ್ಮ ನಿಧಿ ನೋಡಿಕೊಳ್ಳುವವರಲ್ಲಿ ಒಬ್ಬರಾದರೂ ಹಿಂದಿನ ಬೆಂಚಿನವರಿರಲಿ. ಪಾಸ್ಟರ್ ಸಲಹೆ ಕೊಡಲಿ, ಹಣ ಮುಟ್ಟುವುದು ಬೇಡ. ತುರ್ತಿಗೆ ಎರಡು ದಿನದೊಳಗೆ ತೀರ್ಮಾನ ಆಗುವಂತಿರಬೇಕು, ಇಷ್ಟು ಮೊತ್ತದವರೆಗೆ ಸಮಿತಿ ಸೇರದೆ ಕೊಡಬಹುದು ಎಂಬ ಮಿತಿಯನ್ನು ವರ್ಷದ ಆರಂಭದಲ್ಲೇ ಬರೆದಿಡಿ. ಆದಷ್ಟೂ ಆಸ್ಪತ್ರೆಯ ಬಿಲ್ಲನ್ನೋ ಶಾಲೆಯ ಶುಲ್ಕವನ್ನೋ ನೇರವಾಗಿ ಕಟ್ಟಿ. ಕೈಗೆ ಕೊಡುವುದಾದರೆ ಭಾನುವಾರ ಬೇಡ, ಸಭೆಯ ಅಂಗಳದಲ್ಲಿ ಬೇಡ. ವಾರ್ಷಿಕ ವರದಿಯಲ್ಲಿ ಎಷ್ಟು ಜನಕ್ಕೆ ಎಷ್ಟು ಎಂಬುದು ಬರಲಿ, ಹೆಸರು ಬರಬಾರದು.

ಯಾರಿಗೆ ಕೊಡಬೇಕು ಎಂಬಲ್ಲಿ ಅಪೊಸ್ತಲ ಪೌಲ ಗಲಾತ್ಯದವರಿಗೆ ಬರೆದ ಪತ್ರಿಕೆಯ 6ನೆಯ ಅಧ್ಯಾಯ ಕೈಹಿಡಿಯುತ್ತದೆ. ಎರಡನೆಯ ವಚನ ಒಬ್ಬರ ಭಾರವನ್ನು ಒಬ್ಬರು ಹೊರಿ ಎನ್ನುತ್ತದೆ, ಐದನೆಯದು ಪ್ರತಿಯೊಬ್ಬನೂ ತನ್ನ ಹೊರೆ ಹೊರಬೇಕು ಎನ್ನುತ್ತದೆ. ಗ್ರೀಕ್ ಮೂಲದಲ್ಲಿ ಪದಗಳು ಬೇರೆ. ಮೊದಲನೆಯದು ‘ಬಾರೋಸ್’, ಮನುಷ್ಯನನ್ನು ಕುಗ್ಗಿಸುವ ಭಾರ. ಎರಡನೆಯದು ‘ಫೊರ್ತಿಯೋನ್’, ಅವರವರು ಹೊರುವ ಗಂಟು. ದಿಢೀರನೆ ಬಂದ ಕಾಯಿಲೆ ಮೊದಲ ಜಾತಿಯದು, ತಿಂಗಳ ಖರ್ಚು ಎರಡನೆಯದು. ನಡುವೆ ಬೀಳುವಂಥವೂ ಇರುತ್ತವೆ, ಅಂಥಲ್ಲಿ ಕೊಟ್ಟು ತಪ್ಪುವುದೇ ಮೇಲು.

ಕಾಣಿಕೆ ಎಣಿಸುವುದನ್ನೂ ಇದರ ಜೊತೆಗೇ ಸರಿಮಾಡಿ. ಸಂಬಂಧಿಗಳಲ್ಲದ ಇಬ್ಬರು, ಆರಾಧನೆ ಮುಗಿದ ಕೂಡಲೇ, ಅದೇ ಕಟ್ಟಡದಲ್ಲಿ ಎಣಿಸಿ, ಚೀಟಿಗೆ ಇಬ್ಬರೂ ಸಹಿ ಹಾಕಿ, ಪುಸ್ತಕಕ್ಕೆ ಏರಿಸಿಯೇ ಹೊರಡಬೇಕು. ಮಾರನೆಯ ದಿನ ಬ್ಯಾಂಕಿಗೆ. ಎಣಿಸುವವರು ಪ್ರತಿ ತಿಂಗಳು ಬದಲಾಗಲಿ, ಪುಸ್ತಕ ಬರೆಯುವವರು ಎಣಿಸಬಾರದು. ‘ನಮ್ಮವರ ಮೇಲೆ ನಂಬಿಕೆ ಇಲ್ಲವೇ?’ ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ. ಹತ್ತು ವರ್ಷ ಒಬ್ಬರೇ ಎಣಿಸಿ ಒಬ್ಬರೇ ಬರೆದ ಮೇಲೆ ಒಂದು ತಿಂಗಳು ಲೆಕ್ಕ ತಾಳೆಯಾಗದಿದ್ದರೆ, ತಾನು ಪ್ರಾಮಾಣಿಕನೆಂದು ತೋರಿಸಲು ಆ ಮನುಷ್ಯನ ಕೈಯಲ್ಲಿ ಏನೂ ಇರುವುದಿಲ್ಲ. ಪೌಲನೂ ಯೆರೂಸಲೇಮಿನ ಬಡವರ ಹಣಕ್ಕಾಗಿ ತನ್ನ ಜೊತೆಗಾರ ತೀತನ ಸಂಗಡ ಇನ್ನಿಬ್ಬರನ್ನು ಕಳಿಸಿದ. ಯಾರೂ ತಪ್ಪು ಹೊರಿಸದಿರಲಿ ಎಂಬುದೇ ಅದಕ್ಕೆ ಕಾರಣವೆಂದು ಕೊರಿಂಥದವರಿಗೆ ಬರೆದ ಎರಡನೆಯ ಪತ್ರಿಕೆಯ 8ನೆಯ ಅಧ್ಯಾಯದಲ್ಲಿ ತಾನೇ ಹೇಳಿದ್ದಾನೆ.

ಪಾಸ್ಟರ ದಣಿವಿನ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಮೇಲಿನ ಕೆಲಸಗಳನ್ನು ಎಣಿಸಿ ನೋಡಿ, ಅರ್ಧಕ್ಕಿಂತ ಹೆಚ್ಚು ಅವರದಲ್ಲ. ಹೀಗೆ ಮಾಡಿದರೆ ನೀನೂ ದಣಿಯುತ್ತೀ, ಜನರೂ ದಣಿಯುತ್ತಾರೆ ಎಂದು ಇತ್ರೋ ಅಳಿಯ ಮೋಶೆಗೆ ಹೇಳಿದ್ದು ವಿಮೋಚನಕಾಂಡ 18ರಲ್ಲಿದೆ. ಜನರೂ ದಣಿಯುತ್ತಾರೆ ಎಂಬುದನ್ನು ಗಮನಿಸಿ. ವಾರಕ್ಕೆ ಒಂದು ಪೂರ್ತಿ ದಿನ ಪಾಸ್ಟರ್‌ಗೆ ರಜೆ ಕೊಡಿ, ಅಂದು ಸಾವಿನ ಸುದ್ದಿಯ ಹೊರತು ಬೇರೆ ಫೋನ್ ಹಿರಿಯರೊಬ್ಬರಿಗೆ ಬರಲಿ.

ಇನ್ನು ಹೆಸರು ತೆಗೆಯುವ ಮಾತು. ಸಮಿತಿಯಲ್ಲಿ ಇದು ಮತ್ತೆ ಬಂದಾಗ ಮೊದಲು ಕಿರಿಯ ಸದಸ್ಯರನ್ನು ಮಾತಾಡಿಸಿ, ದೊಡ್ಡವರು ಮಾತಾಡಿದ ಮೇಲೆ ಅವರು ತಲೆಯಾಡಿಸುತ್ತಾರೆ ಅಷ್ಟೆ. ಆರನೆಯ ಶತಮಾನದ ಬೆನೆಡಿಕ್ಟನೂ ತನ್ನ ಮಠದ ನಿಯಮದಲ್ಲಿ, ದೊಡ್ಡ ವಿಷಯಕ್ಕೆ ಎಲ್ಲರನ್ನೂ ಕರೆಯಬೇಕು, ಒಳ್ಳೆಯದನ್ನು ದೇವರು ಎಷ್ಟೋ ಸಲ ಕಿರಿಯನಿಗೇ ತಿಳಿಸುತ್ತಾನೆ ಎಂದಿದ್ದಾನೆ. ಊರು ಬಿಟ್ಟು ಹೋದವರು, ಬೇರೆ ಸಭೆ ಸೇರಿದವರು, ಕಾರಣ ಗೊತ್ತಿಲ್ಲದವರು ಎಂದು ಮೂರು ಪಟ್ಟಿ ಮಾಡಿ. ಮೊದಲೆರಡರವರಿಗೆ ಕಾಗದ ಬರೆದು ಕೇಳಿ, ಒಪ್ಪಿದರೆ ವರ್ಗಾವಣೆ ಪತ್ರ ಕೊಟ್ಟು ಕಳಿಸಿ. ಮೂರನೆಯ ಪಟ್ಟಿಯ ಒಂದು ಹೆಸರನ್ನೂ, ಯಾರಾದರೂ ಆ ಮನೆಯಲ್ಲಿ ಕೂತು ಬಂದ ದಿನಾಂಕ ಎದುರಿಗೆ ಬರೆಯುವವರೆಗೆ, ಹೊಡೆದುಹಾಕಬೇಡಿ. ಮಾತು ಬಿಟ್ಟ ಆ ಮನೆಯವರಿಗೆ ಕಾಗದವೂ ಬೇಡ. ಅವರ ಬಾಗಿಲು ನಿಮ್ಮ ಸಭೆಯಿಂದ ಎಷ್ಟು ಹೆಜ್ಜೆ ಎಂದು ನಿಮಗೇ ಗೊತ್ತಿರುತ್ತದೆ.